ಓದದೆ ಬಿಟ್ಟ ಅಧ್ಯಾಯ, ಹೂ ಬಿಡದ ಗುಲಾಬಿ

ಗುಲಾಬಿಗಳ ಕುರಿತಾಗಿಯೇ ಬರೆದ ಪುಸ್ತಕವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡಾಗ ನಾನು ಇತಿಹಾಸ ಮತ್ತು ವರ್ಗೀಕರಣದ ಪುಟಗಳನ್ನು ಮಗುಚಿ, ನೇರವಾಗಿ ರೆಂಬೆ ಸವರುವ ವಿಧಾನದ ಅಧ್ಯಾಯಕ್ಕೆ ಹೋಗಿದ್ದೆ. ಗಿಡ ಬೆಳೆಸುವವರಿಗೆ ಕತ್ತರಿ ಎಲ್ಲಿ ಹಾಕಬೇಕು, ಗೊಬ್ಬರ ಯಾವಾಗ ಕೊಡಬೇಕು ಎಂಬುದು ತಿಳಿದರೆ ಸಾಕು, ಯಾವ ತಳಿ ಎಲ್ಲಿಂದ ಬಂತೆಂಬುದು ಓದಿ ಆನಂದಿಸುವವರ ವಿಷಯ ಎಂದು ಆಗ ನಂಬಿದ್ದೆ. ಆ ನಂಬಿಕೆಯಿಂದಾಗಿ ಎರಡು ವರ್ಷಗಳ ಹೂಗಳನ್ನು ಕಳೆದುಕೊಂಡೆ.

ನನ್ನಲ್ಲಿದ್ದವು ಎರಡು ಗಿಡಗಳು. ಒಂದು ಹೈಬ್ರಿಡ್ ಟೀ ಎಂಬ ಆಧುನಿಕ ಮಿಶ್ರತಳಿ ವರ್ಗದ ಗುಲಾಬಿ. ಇನ್ನೊಂದು ಹೆಸರಿನ ಚೀಟಿಯಿಲ್ಲದೆ ಬಂದ, ಬೂದು ಬೆರೆತ ಹಸಿರೆಲೆಗಳ ಎತ್ತರದ ಪೊದೆ. ಚಳಿಗಾಲದ ಕೊನೆಯಲ್ಲಿ ಎರಡನ್ನೂ ಒಂದೇ ಬಗೆಯಲ್ಲಿ ಸವರಿದೆ: ಒಣಗಿದ ಕಡ್ಡಿ ತೆಗೆದು, ಉಳಿದ ರೆಂಬೆಗಳನ್ನು ಹೊರಮುಖವಾದ ಕಣ್ಣಿನ, ಅಂದರೆ ಚಿಗುರು ಒಡೆಯುವ ಜಾಗದ, ಸ್ವಲ್ಪ ಮೇಲಕ್ಕೆ ಓರೆಯಾಗಿ ಕತ್ತರಿಸಿ, ಗಿಡವನ್ನು ಅರ್ಧಕ್ಕಿಂತ ಕೆಳಕ್ಕೆ ಇಳಿಸಿದೆ. ಹೈಬ್ರಿಡ್ ಟೀ ಧಾರಾಳವಾಗಿ ಹೂ ಬಿಟ್ಟಿತು. ಪೊದೆಯಲ್ಲಿ ಮಾತ್ರ ಸೊಂಪಾದ ಎಲೆಗಳಲ್ಲದೆ ಒಂದು ಮೊಗ್ಗೂ ಕಾಣಲಿಲ್ಲ. ಸವರಿದ್ದು ಸಾಲದಾಯಿತೆಂದು ಭಾವಿಸಿ ಮರುವರ್ಷ ಇನ್ನೂ ಕೆಳಕ್ಕೆ ಕತ್ತರಿಸಿದೆ, ಫಲ ಅದೇ.

ಉತ್ತರ ಸಿಕ್ಕಿದ್ದು ನಾನು ಮಗುಚಿ ಹಾಕಿದ್ದ ಪುಟಗಳಲ್ಲಿ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಬಹುಪಾಲು ವರ್ಷಕ್ಕೆ ಒಮ್ಮೆ ಮಾತ್ರ, ಅದೂ ಹಿಂದಿನ ವರ್ಷ ಬೆಳೆದ ರೆಂಬೆಗಳ ಮೇಲೆ, ಹೂ ಬಿಡುತ್ತವೆ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಚೀನಾದ ಗುಲಾಬಿಗಳು ಅಲ್ಲಿಗೆ ತಲುಪಿದ ಬಳಿಕವೇ, ಹೊಸ ಚಿಗುರಿನ ಮೇಲೆ ಮತ್ತೆ ಮತ್ತೆ ಹೂ ಬಿಡುವ ಗುಣ ಮಿಶ್ರತಳಿಗಳಲ್ಲಿ ವ್ಯಾಪಕವಾಗಿ ಸೇರಿಕೊಂಡಿತು. ಮೊದಲ ಹೈಬ್ರಿಡ್ ಟೀ ಎಂದು ಸಾಮಾನ್ಯವಾಗಿ ಹೇಳಲಾಗುವ ‘ಲಾ ಫ್ರಾನ್ಸ್’ 1867ರದ್ದು. ನನ್ನ ಪೊದೆಯ ಎಲೆಯ ಬಣ್ಣ ಮತ್ತು ಎತ್ತರ ಆ ಹಳೆಯ ಗುಲಾಬಿಗಳಲ್ಲೊಂದಾದ ಆಲ್ಬಾ ವರ್ಗದ ವರ್ಣನೆಗೆ ಹೊಂದಿಕೊಂಡವು. ಹೂ ಬಿಡಬೇಕಾದ ರೆಂಬೆಗಳನ್ನೇ ನಾನು ಪ್ರತಿವರ್ಷ ಶ್ರದ್ಧೆಯಿಂದ ಕಡಿದು ಹಾಕುತ್ತಿದ್ದೆ.

ಮೂರನೆಯ ಚಳಿಗಾಲದಲ್ಲಿ ಒಣಗಿದ ಕಡ್ಡಿಗಳನ್ನಷ್ಟೇ ತೆಗೆದೆ. ಬೇಸಿಗೆ ಆರಂಭವಾಗುತ್ತಿದ್ದಂತೆ ಪೊದೆ ಬಿಳಿಯ ಹೂಗಳಿಂದ ತುಂಬಿತು. ಹೂಗಳೆಲ್ಲ ಉದುರಿದ ನಂತರವೇ ಅತಿ ಹಳೆಯ ಎರಡು ಕಾಂಡಗಳನ್ನು ಬುಡದಿಂದ ಕತ್ತರಿಸಿ, ಹೊಸ ಕಾಂಡಗಳಿಗೆ ಜಾಗ ಮಾಡಿಕೊಟ್ಟೆ.

ಅಂದಿನಿಂದ ಗಿಡದ ಪಕ್ಕದಲ್ಲಿ ಕುಳಿತೇ ಇಂಥ ಪುಸ್ತಕಗಳನ್ನು ಓದುತ್ತೇನೆ. ಗುಲಾಬಿಯ ಮುಳ್ಳು ರೂಪಾಂತರಗೊಂಡ ರೆಂಬೆಯಲ್ಲ, ಕಾಂಡದ ಹೊರಪದರದಿಂದ ಬೆಳೆದದ್ದು ಎಂದು ಓದಿದಾಗ ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಿದೆ. ಅದು ಸಲೀಸಾಗಿ ಕಳಚಿಕೊಂಡಿತು. ಮೊಗ್ಗನ್ನು ಆವರಿಸುವ ಐದು ಹಸಿರು ದಳಗಳಲ್ಲಿ ಎರಡಕ್ಕೆ ಎರಡೂ ಅಂಚಿನಲ್ಲಿ ಎಳೆಗಳಿರುವುದನ್ನು, ಎರಡರ ಅಂಚು ಬೋಳಾಗಿರುವುದನ್ನು, ಒಂದಕ್ಕೆ ಒಂದೇ ಬದಿಯಲ್ಲಿ ಇರುವುದನ್ನು ಕೆಲವು ಗುಲಾಬಿಗಳಲ್ಲಿ ಕಾಣಬಹುದು. ಇದನ್ನು ಕಣ್ಣಾರೆ ಕಂಡ ದಿನ ನನಗಾದ ಸಂತೋಷ ಸಣ್ಣದಲ್ಲ. 1817ರಿಂದ 1824ರವರೆಗೆ ಕಂತುಗಳಲ್ಲಿ ಹೊರಬಂದ, ಸಸ್ಯಚಿತ್ರಕಾರ ರೆದೂತೆಯ ಗುಲಾಬಿ ಚಿತ್ರಗಳನ್ನು ಹಿಂದೆ ಅಂದಕ್ಕಾಗಿ ನೋಡುತ್ತಿದ್ದೆ. ಈಗ ಎಲೆಯ ಅಂಚು, ಮುಳ್ಳಿನ ಆಕಾರ, ತೊಟ್ಟಿನ ರೋಮಗಳಿಗಾಗಿ ನೋಡುತ್ತೇನೆ.

ಪುಸ್ತಕದ ಎಲ್ಲವನ್ನೂ ಹಾಗೆಯೇ ಪಾಲಿಸಲಾಗದು. ತಿಂಗಳವಾರು ಕೆಲಸದ ಪಟ್ಟಿಯು ಬರೆದವರ ಹವೆಗೆ ಸೇರಿದ್ದು. ಆದ್ದರಿಂದ ತಿಂಗಳ ಹೆಸರನ್ನು ಬಿಟ್ಟು, ಕಣ್ಣುಗಳು ಉಬ್ಬತೊಡಗಿದಾಗ ಸವರುವುದು ಎಂದು ಅಂಚಿನಲ್ಲಿ ಬರೆದುಕೊಂಡಿದ್ದೇನೆ. ಇದಕ್ಕೆ ಪ್ರತಿಯಾಗಿ, ಕಾರಣವನ್ನು ವಿವರಿಸುವ ಮಾತು ಎಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಎಲೆಯೊಳಕ್ಕೆ ಇಳಿಯಲು ಎಲೆ ಸುಮಾರು ಏಳು ಗಂಟೆಯಾದರೂ ಒದ್ದೆಯಾಗಿರಬೇಕೆಂದು ತಿಳಿದ ಮೇಲೆ, ಸಂಜೆ ಮೇಲಿನಿಂದ ನೀರೆರೆಯುವುದನ್ನು ನಿಲ್ಲಿಸಿ, ಬೆಳಿಗ್ಗೆ ಬುಡಕ್ಕೆ ಮಾತ್ರ ಕೊಡತೊಡಗಿದೆ. ರೋಗ ಪೂರ್ತಿ ಹೋಗಿಲ್ಲವಾದರೂ ಎಲೆ ಉದುರುವುದು ಬಹಳ ಕಡಿಮೆಯಾಗಿದೆ.

ಈಚೆಗೆ ಚೀಟಿಯಿಲ್ಲದ ಇನ್ನೊಂದು ಗಿಡ ಬಂದಿದೆ. ಅದರ ಹೂ ಹಳೆಯ ರೆಂಬೆಯಲ್ಲಿ ಬರುತ್ತದೋ ಹೊಸ ಚಿಗುರಿನಲ್ಲೋ ಎಂಬುದನ್ನು ಕಣ್ಣಿನಿಂದ ನೋಡುವವರೆಗೆ, ಒಂದು ವರ್ಷ ಪೂರ್ತಿ, ಅದಕ್ಕೆ ಕತ್ತರಿ ತಾಗಿಸುವುದಿಲ್ಲ.