ಕಾಯುವುದಕ್ಕೂ ಒಂದು ತಾರೀಖು ಬೇಕು

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಇದ್ದದ್ದು ಎರಡೇ ಸಾಲು. ಎಡ ಅಂಡಾಶಯದಲ್ಲಿ 6.4 ಸೆಂಟಿಮೀಟರಿನ ಸಿಸ್ಟ್ (ಚೀಲದಂಥ ಗಡ್ಡೆ), ಒಳಗೆ ರಕ್ತ ತುಂಬಿರುವ ಸಾಧ್ಯತೆ. ಅದರ ಕೆಳಗೆ, ಚಾಕೊಲೇಟ್ ಸಿಸ್ಟ್ ಕೂಡ ಇರಬಹುದು ಎಂಬ ಸೂಚನೆ. ಆಗ ನನಗೆ 33 ವರ್ಷ. ಮಕ್ಕಳಾಗಿರಲಿಲ್ಲ, ಆಗಬೇಕೆಂಬ ಆಸೆ ಇತ್ತು. ರಿಪೋರ್ಟ್ ನೋಡಿದ ಡಾಕ್ಟರು "ದೊಡ್ಡದಿದೆ, ತೆಗೆಸಿಬಿಡಿ, ಮುಂದಿನ ವಾರವೇ ಮಾಡೋಣ" ಅಂದರು. ಐದು ನಿಮಿಷದಲ್ಲಿ ಮಾತು ಮುಗಿದಿತ್ತು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಡ್ಮಿಷನ್ ಚೀಟಿ ಕೈಗೆ ಬಂದಿತ್ತು, ಕೇಳಬೇಕಾಗಿದ್ದ ಪ್ರಶ್ನೆಗಳು ಇನ್ನೂ ಬಾಯಿಗೆ ಬಂದಿರಲಿಲ್ಲ.

ಮನೆಯಲ್ಲಿ ಎರಡು ಪಕ್ಷವಾಯಿತು. "ಗಡ್ಡೆ ಅಂದಮೇಲೆ ಹೊಟ್ಟೇಲಿ ಇಟ್ಕೊಂಡು ಕೂರೋದಾ?" ಅಂತ ಅಮ್ಮ. "ನನಗೂ ಆಗಿತ್ತಲ್ಲೇ, ಎರಡು ಮುಟ್ಟು ಕಳೆಯೋದ್ರೊಳಗೆ ತಾನಾಗೇ ಕರಗಿಹೋಯ್ತು, ಸುಮ್ನಿರು" ಅಂತ ಅಕ್ಕ. ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಅಮ್ಮನ ಮನಸ್ಸಿನಲ್ಲಿದ್ದದ್ದು ಕ್ಯಾನ್ಸರ್, ಅಕ್ಕನಿಗೆ ಆಗಿದ್ದು ಬರೀ ನೀರು ತುಂಬಿದ 3 ಸೆಂಟಿಮೀಟರಿನ ಸಿಸ್ಟ್. ನನ್ನದು ಯಾವುದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿಯದೆ ಹೂಂ ಅನ್ನುವುದೂ ಬೇಡ, ಊಹೂಂ ಅನ್ನುವುದೂ ಬೇಡ ಅನ್ನಿಸಿ ಇನ್ನೊಬ್ಬ ಸ್ತ್ರೀರೋಗ ತಜ್ಞೆಯ ಹತ್ತಿರ ಹೋದೆ.

ಅವರು ಕೇಳಿದ ಮೊದಲ ಪ್ರಶ್ನೆ: "ಈ ಸ್ಕ್ಯಾನ್ ಮಾಡಿಸಿದ್ದು ಮುಟ್ಟಾದ ಎಷ್ಟನೇ ದಿನ?"

ಬೆರಳು ಮಡಚಿ ಎಣಿಸಿದೆ. ಇಪ್ಪತ್ತೆರಡನೇ ದಿನ.

ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಪ್ರತಿ ತಿಂಗಳು ಅಂಡಾಶಯದಲ್ಲಿ ಒಂದು ಕೋಶಿಕೆ ಸುಮಾರು 2 ಸೆಂಟಿಮೀಟರ್ ಬೆಳೆದು, ಒಡೆದು, ಅಂಡಾಣು ಹೊರಬರುತ್ತದೆ. ಉಳಿದ ಜಾಗದಲ್ಲಿ ಕೆಲವೊಮ್ಮೆ ಒಳಗೇ ರಕ್ತ ಸೋರಿ ಉಬ್ಬಿಕೊಳ್ಳುತ್ತದೆ. ಆ ರಕ್ತ ಹೆಪ್ಪುಗಟ್ಟಿ ಕರಗುವಾಗ ಸ್ಕ್ಯಾನಿನಲ್ಲಿ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಇಂಥದ್ದು ಸಾಮಾನ್ಯವಾಗಿ 6ರಿಂದ 12 ವಾರಗಳಲ್ಲಿ ಹೋಗಿಬಿಡುತ್ತದೆ. ಎಂಡೊಮೆಟ್ರಿಯೋಸಿಸ್‌ನಿಂದ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ತೊಂದರೆ) ಆಗುವ ಚಾಕೊಲೇಟ್ ಸಿಸ್ಟ್ ಹಾಗೆ ಹೋಗುವುದಿಲ್ಲ. ಅದರೊಳಗೆ ಹಳೆಯ ರಕ್ತ ಮಂದವಾಗಿ, ಮಸುಕು ಗಾಜಿನ ಹಾಗೆ ಒಂದೇ ಸಮ ಕಾಣುತ್ತದೆ. ಕೂದಲು, ಕೊಬ್ಬು ತುಂಬಿದ ಡರ್ಮಾಯ್ಡ್ ಕೂಡ ಕರಗುವ ಜಾತಿಯದಲ್ಲ. ಒಂದೇ ಸಲದ ಸ್ಕ್ಯಾನಿನಲ್ಲಿ ಒಂದು ಇನ್ನೊಂದರಂತೆ ಕಂಡು ಮೋಸವಾಗುವುದುಂಟು. "ಎಂಟು ವಾರ ಬಿಟ್ಟು, ಮುಟ್ಟಾದ ಐದರಿಂದ ಹತ್ತನೇ ದಿನದೊಳಗೆ ಇನ್ನೊಮ್ಮೆ ನೋಡೋಣ. ಆಗ ಗೊತ್ತಾಗುತ್ತೆ, ಇದು ಯಾವುದು ಅಂತ" ಅಂದರು.

ಕಾಯಬಹುದು ಅಂದದ್ದು ಧೈರ್ಯಕ್ಕಲ್ಲ, ಲೆಕ್ಕ ಹಾಕಿ. ಸಿಸ್ಟಿನೊಳಗೆ ಗಟ್ಟಿ ಭಾಗ ಇರಲಿಲ್ಲ. ಗೋಡೆಯ ಮೇಲೆ ಮೊಳಕೆಯಂಥ ಬೆಳವಣಿಗೆ ಇರಲಿಲ್ಲ. ಡಾಪ್ಲರ್‌ನಲ್ಲಿ ಒಳಭಾಗಕ್ಕೆ ರಕ್ತಸಂಚಾರ ಕಂಡಿರಲಿಲ್ಲ, ಹೊಟ್ಟೆಯಲ್ಲಿ ನೀರು ತುಂಬಿರಲಿಲ್ಲ. ಇವುಗಳಲ್ಲಿ ಒಂದಿದ್ದರೂ ಎಂಟು ವಾರದ ಮಾತೇ ಬರುತ್ತಿರಲಿಲ್ಲ. ಮುಟ್ಟು ನಿಂತ ಹೆಂಗಸರಿಗಂತೂ ಲೆಕ್ಕವೇ ಬೇರೆ ಅಂದರು. ರಕ್ತಪರೀಕ್ಷೆಯಲ್ಲಿ, ಅಂಡಾಶಯದ ಕ್ಯಾನ್ಸರಿನ ಸುಳಿವಿಗೆ ನೋಡುವ ಸಿಎ-125 ನನಗೆ 58 ಬಂದಿತ್ತು, ಇರಬೇಕಾದ್ದು 35ರೊಳಗೆ. ಆ ಸಂಖ್ಯೆ ಹಿಡಿದುಕೊಂಡು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಮುಟ್ಟಿನ ದಿನಗಳಲ್ಲಿ, ಎಂಡೊಮೆಟ್ರಿಯೋಸಿಸ್ ಇದ್ದಾಗ, ಗರ್ಭಕೋಶದ ಫೈಬ್ರಾಯ್ಡ್ ಇದ್ದಾಗ, ಸೋಂಕಿದ್ದಾಗಲೂ ಅದು ಏರುತ್ತದೆ, ಮುಟ್ಟಾಗುವ ವಯಸ್ಸಿನಲ್ಲಿ ಅದೊಂದನ್ನೇ ನೋಡಿ ಏನೂ ತೀರ್ಮಾನಿಸುವುದಿಲ್ಲ ಎಂದು ಬಿಡಿಸಿ ಹೇಳಿದರು. "ಕರಗಿಸಲು" ಅಂತ ಮೊದಲು ಬರೆದುಕೊಟ್ಟಿದ್ದ ಹಾರ್ಮೋನ್ ಮಾತ್ರೆಯನ್ನೂ ನಿಲ್ಲಿಸಿದರು. ಅದು ಹೊಸ ಸಿಸ್ಟ್ ಆಗದಂತೆ ತಡೆಯಬಹುದು, ಆಗಲೇ ಆಗಿರುವುದನ್ನು ಬೇಗ ಕರಗಿಸುವುದಿಲ್ಲವಂತೆ.

ಕಾಯುವುದರಲ್ಲಿರುವ ಅಪಾಯವನ್ನೂ ಅವರು ಮುಚ್ಚಿಡಲಿಲ್ಲ. 5 ಸೆಂಟಿಮೀಟರ್ ದಾಟಿದ ಸಿಸ್ಟಿನ ಭಾರಕ್ಕೆ ಅಂಡಾಶಯ ಬುಡಸಮೇತ ತಿರುಚಿಕೊಳ್ಳುವ ಭಯ ಹೆಚ್ಚು. ತಿರುಚಿಕೊಂಡರೆ ರಕ್ತ ಹರಿಯುವುದು ನಿಂತು, ತಡಮಾಡಿದಷ್ಟೂ ಅಂಡಾಶಯ ಕೈತಪ್ಪುತ್ತದೆ. ಚೀಟಿಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆದರು: ಒಂದೇ ಕಡೆ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ವಾಂತಿ, ತಲೆಸುತ್ತು, ಜ್ವರ — ನೇರ ಎಮರ್ಜೆನ್ಸಿಗೆ. "ನೋವಿನ ಮಾತ್ರೆ ನುಂಗಿ ಬೆಳಗಾಗಲಿ ನೋಡೋಣ ಅಂತ ಮಲಗಬೇಡಿ" ಅಂತ ಎರಡು ಸಲ ಹೇಳಿದರು. ಆ ಚೀಟಿಯ ಫೋಟೋ ನನ್ನ ಮೊಬೈಲಿನಲ್ಲೂ ಗಂಡನ ಮೊಬೈಲಿನಲ್ಲೂ ಇಟ್ಟುಕೊಂಡೆವು. ಆಸ್ಪತ್ರೆ ದೂರವಿರುವ ಕಡೆಗೆ ಹೊರಟಿದ್ದ ಒಂದು ಪ್ರಯಾಣ ಬಿಟ್ಟೆ. ಎರಡನೇ ಸ್ಕ್ಯಾನಿನ ತಾರೀಖನ್ನು ಅವತ್ತೇ ಗೊತ್ತು ಮಾಡಿಕೊಂಡು ಬಂದೆ. ಆ ತಾರೀಖು ಇಲ್ಲದೇ ಹೋಗಿದ್ದರೆ ನಾನು ಮಾಡುತ್ತಿದ್ದದ್ದು ಕಾಯುವುದಲ್ಲ, ತಪ್ಪಿಸಿಕೊಳ್ಳುವುದು. ನನ್ನ ಸ್ವಭಾವ ನನಗೆ ಗೊತ್ತು.

ಆ ಎಂಟು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ತಾರೀಖು, ನೋವು ಎಲ್ಲಿ, ಸೊನ್ನೆಯಿಂದ ಹತ್ತರವರೆಗೆ ಎಷ್ಟು. ಮೊದಲ ಪುಟದಲ್ಲಿ "ಎಡಗಡೆ, ಕೂತು ಏಳುವಾಗ, 3." ಎರಡನೇ ಮುಟ್ಟು ಬಂದಾಗ ಬರೆದದ್ದು: "8. ಟಾಯ್ಲೆಟ್ಟಿನಲ್ಲಿ ಕೂತಾಗ ಹಿಂದಿನಿಂದ ಸೊಂಟದವರೆಗೆ ಚಾಕು ಎಳೆದಂತೆ." ಬರೆದ ಮೇಲೆ ಆ ಸಾಲನ್ನೇ ನೋಡುತ್ತಾ ಕೂತೆ. ಈ ನೋವು ಹೊಸದಾಗಿರಲಿಲ್ಲ. ಕಾಲೇಜಿನ ದಿನಗಳಿಂದ ಪ್ರತಿ ತಿಂಗಳೂ ಬರುತ್ತಿತ್ತು. ಮುಟ್ಟಿನ ನೋವು ಅಂದರೆ ಎಲ್ಲರಿಗೂ ಹೀಗೇ ಅಂದುಕೊಂಡಿದ್ದೆ, ಟಾಯ್ಲೆಟ್ಟಿನ ಮಾತಾದ್ದರಿಂದ ಯಾವ ಡಾಕ್ಟರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಓದುತ್ತಿರುವ ನಿಮಗೂ ಹೀಗಾಗುತ್ತಿದ್ದರೆ ದಯವಿಟ್ಟು ಹೇಳಿ. ನಾಚಿಕೆ ಪಡುವ ವಿಷಯ ಖಂಡಿತ ಅಲ್ಲ.

ಎರಡನೇ ಸ್ಕ್ಯಾನ್ ಮುಟ್ಟಾದ ಏಳನೇ ದಿನಕ್ಕೆ ಬಿತ್ತು. 6.1 ಸೆಂಟಿಮೀಟರ್. ಮೊದಲ ಸ್ಕ್ಯಾನಿನಲ್ಲಿದ್ದ ಎಳೆಗಳು ಮಾಯವಾಗಿದ್ದವು, ಪರದೆಯ ಮೇಲೆ ಒಂದೇ ಸಮನಾದ ಮಬ್ಬು. ನೋಟ್‌ಬುಕ್ಕಿನ ಆ ಪುಟ ತೋರಿಸಿದೆ. ಓದಿ, ತಲೆಯೆತ್ತಿ, "ಚಾಕೊಲೇಟ್ ಸಿಸ್ಟೇ" ಅಂದರು. ಕರಗುತ್ತದೆ ಎಂಬ ಆಸೆ ಅಲ್ಲಿಗೆ ಮುಗಿಯಿತು. ಅಳು ಬಂತು, ಅತ್ತುಬಿಟ್ಟೆ.

ಹಾಗಾದರೆ ಎಂಟು ವಾರ ದಂಡವಾಯಿತಲ್ಲ ಅಂದರು ಅಮ್ಮ. ನನಗೆ ಹಾಗನ್ನಿಸಲಿಲ್ಲ. ಅವಸರದಲ್ಲಿ ಆಪರೇಷನ್ನಿಗೆ ಮಲಗಿಬಿಟ್ಟಿದ್ದರೆ ಒಂದು ಮುಖ್ಯ ವಿಷಯ ಕೇಳದೇ ಹೋಗುತ್ತಿದ್ದೆ: ಚಾಕೊಲೇಟ್ ಸಿಸ್ಟಿನ ಗೋಡೆಯನ್ನು ಸುಲಿದು ತೆಗೆಯುವಾಗ ಅದಕ್ಕೆ ಅಂಟಿದ ಒಳ್ಳೆಯ ಅಂಡಾಶಯದ ಪದರವೂ ಒಂದಿಷ್ಟು ಹೋಗುತ್ತದೆ, ಅಂಡಾಣುಗಳ ಸಂಗ್ರಹ ಕುಗ್ಗುತ್ತದೆ. ಇರುವ ಸಂಗ್ರಹವನ್ನು ಅಂದಾಜು ಮಾಡಲು ಎಎಂಎಚ್ ಎಂಬ ರಕ್ತಪರೀಕ್ಷೆ ಇದೆ. ನನ್ನದು 1.8. ತೆಗೆದರೂ ಮತ್ತೆ ಬರಬಹುದು. ನೋವು ಅಷ್ಟಾಗಿ ಇಲ್ಲದವರಿಗೆ, ಐವಿಎಫ್‌ಗೆ ಹೊರಟವರಿಗೆ, ಸಿಸ್ಟ್ ಇದೆ ಎಂಬ ಒಂದೇ ಕಾರಣಕ್ಕೆ ಈಗ ಆಪರೇಷನ್ ಮಾಡುವುದಿಲ್ಲ.

ನನ್ನ ವಿಷಯದಲ್ಲಿ ತೀರ್ಮಾನ ಮಾಡಿದ್ದು ನೋಟ್‌ಬುಕ್ಕಿನ ಆ 8. ತಿಂಗಳಿಗೆ ಮೂರು ದಿನ ನೆಲ ಹಿಡಿದು ಮಲಗುವುದು ಸಾಕಾಗಿತ್ತು. ಆಪರೇಷನ್ ಮಾಡಿಸುತ್ತೇನೆ ಅಂದೆ, ಆದರೆ ಇನ್ನೂ ಆರು ವಾರ ಕೇಳಿ ತೆಗೆದುಕೊಂಡೆ. ಫಲವತ್ತತೆ ತಜ್ಞರನ್ನು ನೋಡಲು, ಎಂಡೊಮೆಟ್ರಿಯೋಸಿಸ್ ಆಪರೇಷನ್‌ಗಳಲ್ಲಿ ಪಳಗಿದ ಸರ್ಜನ್ನರನ್ನು ಹುಡುಕಲು, ಆಫೀಸಿನಲ್ಲಿ ರಜೆ ಹೊಂದಿಸಲು.

ಆಪರೇಷನ್ನಿನ ಹಿಂದಿನ ದಿನ ನರ್ಸ್ ಒಪ್ಪಿಗೆ ಪತ್ರ ತಂದುಕೊಟ್ಟರು. ಅದರಲ್ಲಿ "ಅಗತ್ಯಬಿದ್ದರೆ ಅಂಡಾಶಯ ತೆಗೆಯಲು ಒಪ್ಪಿಗೆ" ಎಂಬ ಸಾಲಿತ್ತು. ಪೆನ್ನು ಅಲ್ಲಿಗೆ ನಿಂತಿತು. ಸರ್ಜನ್ ಬರಲಿ ಅಂದೆ. ಬಂದರು, ಮಂಚದ ಅಂಚಿನಲ್ಲೇ ಕೂತರು. "ಅಗತ್ಯ ಅಂದರೆ ಯಾವಾಗ ಡಾಕ್ಟರ್?" ಅಂದೆ. ಬೇರೆ ಯಾವ ರೀತಿಯಲ್ಲೂ ರಕ್ತಸ್ರಾವ ನಿಲ್ಲದಿದ್ದರೆ ಮಾತ್ರ ಅಂದರು. ನೋಡಿದರೆ ಕ್ಯಾನ್ಸರಿನ ಅನುಮಾನ ಬಂದರೆ? ಆಗ ತುಣುಕು ತೆಗೆದು ಪರೀಕ್ಷೆಗೆ ಕಳಿಸಿ, ನಿಮ್ಮನ್ನು ಎಬ್ಬಿಸಿ ಮಾತಾಡಿದ ಮೇಲೆಯೇ ಮುಂದಿನದು. ಸುಟ್ಟು ರಕ್ತ ನಿಲ್ಲಿಸುವುದನ್ನು ಆದಷ್ಟು ಕಡಿಮೆ ಮಾಡಿ ಹೊಲಿಗೆ ಹಾಕುತ್ತೇನೆ ಎಂದೂ ಹೇಳಿದರು. ಈ ಮಾತುಗಳನ್ನು ಪತ್ರದ ಮೇಲೆಯೇ ಅವರ ಕೈಯಲ್ಲಿ ಬರೆಸಿ ಸಹಿ ಹಾಕಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲೇ ಮುಗಿಯಿತು. ಅಂಡಾಶಯ ಕರುಳಿಗೆ ಅಂಟಿಕೊಂಡಿತ್ತಂತೆ, ಅದನ್ನೂ ಬಿಡಿಸಿದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಆರು ತಿಂಗಳ ಮೇಲೆ ಎಎಂಎಚ್ 1.3ಕ್ಕೆ ಇಳಿದಿತ್ತು. ಇಳಿಯುತ್ತದೆ ಎಂದು ತಿಳಿದೇ ಸಹಿ ಹಾಕಿದ್ದರಿಂದ ಆ ಸಂಖ್ಯೆಯನ್ನು ನೆಟ್ಟಗೆ ನೋಡಲಾಯಿತು. ಅದೇ ವಾರ ಫಲವತ್ತತೆ ತಜ್ಞರ ಹತ್ತಿರ ಮತ್ತೆ ಹೋದೆವು.

ನೋಟ್‌ಬುಕ್ ಈಗಲೂ ಬರೆಯುತ್ತಿದ್ದೇನೆ. ಕಳೆದ ತಿಂಗಳ ಸಾಲು: "ಮುಟ್ಟಿನ ಎರಡನೇ ದಿನ, 2. ಆಫೀಸಿಗೆ ಹೋದೆ."