ಕರಡು ತಿದ್ದುವ ಕಣ್ಣಿನಿಂದ ಫೋಟೊ ತೆಗೆಯುವುದು

ಇಪ್ಪತ್ತೆರಡು ವರ್ಷಗಳಿಂದ ಪುಸ್ತಕಗಳ ಕರಡು ತಿದ್ದುತ್ತಿದ್ದೇನೆ. 'ಅದಕ್ಕಾಗಿ' ಎನ್ನುವಲ್ಲಿ ಒಂದು ಒತ್ತು ಬಿಟ್ಟುಹೋಗಿದ್ದರೆ ಪುಟ ಮಗುಚುವಾಗಲೇ ಕಣ್ಣಿಗೆ ಚುಚ್ಚುತ್ತದೆ. ಅಂಥ ನಾನು, ಮಗಳು ಬೆಕ್ಕನ್ನು ಎತ್ತಿಕೊಂಡು ನಿಂತಿದ್ದ ಫೋಟೊ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮನೆಗೆ ತಂದ ಮೇಲೆ ನೋಡುತ್ತೇನೆ: ಅವಳ ಮೊಣಕೈ ಪಕ್ಕದಲ್ಲೇ ಒಂದು ನೀಲಿ ಬಕೆಟ್. ಅಂಚಿನಲ್ಲಿ ಅರ್ಧ ಕತ್ತರಿಸಿಹೋದ, ಹಿಡಿ ಮುರಿದ ಬಕೆಟ್. ಇಡೀ ಚಿತ್ರದಲ್ಲಿ ಅದಕ್ಕಿಂತ ಗಾಢವಾದ ಬಣ್ಣ ಇನ್ನೊಂದಿರಲಿಲ್ಲ. ಬಟನ್ ಒತ್ತುವಾಗ ಅದು ನನಗೆ ಕಂಡೇ ಇರಲಿಲ್ಲ.

ಯಾಕೆ ಕಾಣಲಿಲ್ಲ ಎಂದು ಯೋಚಿಸುತ್ತ ಕೂತಾಗಲೇ ನಾನು ಫೋಟೊ ತೆಗೆಯುವುದನ್ನು ನಿಜವಾಗಿ ಕಲಿಯಲು ಶುರುಮಾಡಿದ್ದು. ಉತ್ತರ ನನ್ನ ಕೆಲಸದಲ್ಲೇ ಇತ್ತು. ಓದುವಾಗ ನಾವು ಪರಿಚಿತ ಪದವನ್ನು ಅರ್ಧ ನೋಡಿ ಉಳಿದರ್ಧ ಊಹಿಸಿಕೊಂಡು ಮುಂದೆ ಓಡುತ್ತೇವೆ. ಬಿಟ್ಟುಹೋದ ಒತ್ತನ್ನು ಮನಸ್ಸೇ ಹಾಕಿಕೊಳ್ಳುತ್ತದೆ. ನೋಡುವುದೂ ಹಾಗೆಯೇ. ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಕಣ್ಣು ಒಂದು ಸಲಕ್ಕೆ ಪೂರಾ ಸ್ಪಷ್ಟವಾಗಿ ನೋಡುವುದು ಹೆಚ್ಚುಕಡಿಮೆ ಆ ಉಗುರಿನಗಲದ ಜಾಗವನ್ನು, ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು, ಕಣ್ಣು ಅತ್ತಿತ್ತ ಹಾರಿ ಹಾರಿ ತಂದ ತುಣುಕುಗಳನ್ನು ಮೆದುಳು ಹೊಲಿದು ಒಂದು ದೃಶ್ಯ ಮಾಡಿಕೊಡುತ್ತದೆ. ಮಗಳು, ಬೆಕ್ಕು ಎಂಬ ಎರಡು ಹೆಸರು ಸಿಕ್ಕಿದ್ದೇ ತಡ, ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತ್ತು. ಕ್ಯಾಮೆರಾಗೆ ಮಗಳೂ ಒಂದೇ, ಬಕೆಟ್ಟೂ ಒಂದೇ.

ಹೀಗಾಗಿ, ಕಂಪೋಸಿಷನ್, ಅಂದರೆ ಚೌಕಟ್ಟಿನೊಳಗೆ ಯಾವುದು ಎಲ್ಲಿರಬೇಕು ಎಂಬ ಜೋಡಣೆ, ಕಲಿಯಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ವಸ್ತುಗಳ ಹೆಸರು ಮರೆಯುವುದನ್ನು. ಕರಡು ತಿದ್ದುವಾಗ ಕಣ್ಣು ಸೋತು ಅರ್ಥದ ಹಿಂದೆ ಓಡತೊಡಗಿದರೆ ನಾವು ಪುಟವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತೇವೆ. ಅರ್ಥ ಕಡಿದುಹೋಗುತ್ತದೆ, ಅಕ್ಷರ ಕಾಣುತ್ತದೆ. ಫೋಟೊಗೂ ಇದೇ ಉಪಾಯ. ತೆಗೆದ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಮುಖ ಹೋಗಿ ಒಂದು ತಿಳಿ ಬಣ್ಣದ ದುಂಡು ಉಳಿಯುತ್ತದೆ, ಗೋಡೆ ಹೋಗಿ ಒಂದು ಬೂದು ಚೌಕ. ಯಾವ ಮೂಲೆ ಭಾರವಾಗಿದೆ, ಎಲ್ಲಿ ಏನೂ ಇಲ್ಲದೆ ಬಿಕೋ ಎನ್ನುತ್ತಿದೆ ಎಂಬುದು ಆಗ ತಾನೇ ಎದ್ದು ಕಾಣುತ್ತದೆ. ಹಳೆಯ ದೊಡ್ಡ ಕ್ಯಾಮೆರಾಗಳಲ್ಲಿ ಛಾಯಾಗ್ರಾಹಕರು ಕಪ್ಪು ಬಟ್ಟೆ ಹೊದ್ದು ನೋಡುತ್ತಿದ್ದ ಉಜ್ಜಿದ ಗಾಜಿನ ಮೇಲೆ ದೃಶ್ಯ ತಲೆಕೆಳಗಾಗಿಯೇ ಮೂಡುತ್ತಿತ್ತು. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ಅಂಥದೇ ಕ್ಯಾಮೆರಾದಿಂದ ಒಂದು ದೊಣ್ಣೆ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯ ಬಾಯೊಳಗಿಟ್ಟು ತೆಗೆದ. ಆ ಚಿತ್ರವನ್ನು ನೋಡುತ್ತ ಹೋದರೆ ತರಕಾರಿ ಮರೆತುಹೋಗುತ್ತದೆ. ಬಾಗಿದ ಬೆನ್ನು, ಬಿಗಿದ ತೋಳು ಕಾಣತೊಡಗುತ್ತವೆ.

ಇನ್ನು ಬಕೆಟ್ಟಿನ ವಿಷಯ. ಬಟನ್ ಒತ್ತುವ ಮೊದಲು ಚೌಕಟ್ಟಿನ ನಾಲ್ಕೂ ಅಂಚನ್ನು ಕಣ್ಣಲ್ಲಿ ಒಂದು ಸುತ್ತು ಹಾಕಿ. ಮೇಲಿನ ಎಡ ಮೂಲೆಯಿಂದ ಹೊರಟು ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ. ಮೂರು ಸೆಕೆಂಡ್ ಸಾಕು. ನಡುವಿನ ಮುಖವನ್ನು ಆ ಮೂರು ಸೆಕೆಂಡ್ ನೋಡಲೇಬೇಡಿ, ಅದು ಎಲ್ಲಿಗೂ ಹೋಗುವುದಿಲ್ಲ. ಅಂಚಿನಲ್ಲಿ ನಾನು ಹುಡುಕುವುದು ಇವನ್ನು: ಬೆಳ್ಳಗೆ ಹೊಳೆಯುವ ಯಾವುದಾದರೂ ತುಣುಕು, ಅರ್ಧ ಒಳಗೆ ಅರ್ಧ ಹೊರಗೆ ಇರುವ ವಸ್ತು, ಮಣಿಕಟ್ಟಿನಲ್ಲೋ ಪಾದದ ಗಂಟಿನಲ್ಲೋ ಕತ್ತರಿಸಿಹೋದ ಕೈಕಾಲು. ಕೈಕಾಲನ್ನು ಕತ್ತರಿಸಲೇಬೇಕಾದರೆ ಕೀಲಿನಲ್ಲಿ ಬೇಡ, ತೊಡೆಯ ನಡುವೆಯೋ ತೋಳಿನ ನಡುವೆಯೋ ಕತ್ತರಿಸಿ. ಆಗ ಕಣ್ಣಿಗೆ ಅದು ತುಂಡಾದಂತೆ ಅನ್ನಿಸುವುದಿಲ್ಲ. ಇನ್ನೊಂದು, ಎರಡು ಆಕಾರಗಳು ಬರೀ ತಾಗಿಕೊಂಡು ನಿಂತಿರುವುದು. ಅಚ್ಚಿನಲ್ಲಿ ಎರಡು ಅಕ್ಷರ ಅಂಟಿಕೊಂಡರೆ ಹೇಗೆ ಕಿರಿಕಿರಿಯಾಗುತ್ತದೋ ಹಾಗೆ, ಮೂಗಿನ ತುದಿ ಬಾಗಿಲ ಚೌಕಟ್ಟನ್ನು ಮುಟ್ಟಿದರೆ ಚಿತ್ರ ಅಲ್ಲೇ ಮುಗ್ಗರಿಸುತ್ತದೆ. ಒಂದೋ ಬಿಡಿಸಿ, ಇಲ್ಲವೇ ಒಂದರ ಮೇಲೊಂದು ಚೆನ್ನಾಗಿಯೇ ಬರಲಿ.

ಅಂಚು ಕೆಟ್ಟರೆ ಆಮೇಲೆ ಕತ್ತರಿಸಬಹುದಲ್ಲ ಎಂದು ಕೇಳುತ್ತಾರೆ. ಕತ್ತರಿಸಬಹುದು. ಚಿತ್ರ ಕತ್ತರಿಸುವುದನ್ನು ಒಪ್ಪದಿದ್ದ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸ್ಸನ್ ಕೂಡ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ, ನಿಂತ ನೀರಿನ ಮೇಲೆ ಹಾರುವ ಮನುಷ್ಯನ ಚಿತ್ರವನ್ನು ಕತ್ತರಿಸಬೇಕಾಯಿತು. ಹಲಗೆ ಬೇಲಿಯ ಸಂದಿಯಿಂದ ತೆಗೆದದ್ದರಿಂದ ಪಕ್ಕದಲ್ಲಿ ಹಲಗೆಯೂ ಬಂದಿತ್ತು. ಅವನಿಗೆ ಬೇರೆ ದಾರಿಯಿರಲಿಲ್ಲ. ನಮಗೆ ಬಹುತೇಕ ಸಲ ಇರುತ್ತದೆ, ಅರ್ಧ ಹೆಜ್ಜೆ ಸರಿದರೆ ಆಯಿತು.

ಈ ಅರ್ಧ ಹೆಜ್ಜೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಿಂತಲ್ಲೇ ನಿಂತು ಜೂಮ್ ಮಾಡಿದರೆ ಎಲ್ಲವೂ ಒಟ್ಟಿಗೆ ದೊಡ್ಡದಾಗುತ್ತದೆ, ಅಷ್ಟೇ. ಮುಂದಿನ ಕುರ್ಚಿಗೂ ಹಿಂದಿನ ಬಾಗಿಲಿಗೂ ಇರುವ ಸಂಬಂಧ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಅದನ್ನು ಬದಲಾಯಿಸುವುದು ನಿಮ್ಮ ಕಾಲು. ಎಡಕ್ಕೆ ಸರಿದರೆ ಕುರ್ಚಿ ಬಾಗಿಲಿನಿಂದ ಬಿಡಿಸಿಕೊಳ್ಳುತ್ತದೆ. ಮಂಡಿಯೂರಿದರೆ, ವ್ಯಕ್ತಿಯ ಕುತ್ತಿಗೆಯನ್ನು ಕೊಯ್ಯುವಂತೆ ಹಾದಿದ್ದ ದಿಗಂತದ ಗೆರೆ ಸೊಂಟಕ್ಕಿಳಿದು, ಮುಖದ ಹಿಂದೆ ಬರೀ ಆಕಾಶ ಉಳಿಯುತ್ತದೆ. ಕುರ್ಚಿ ಹತ್ತಿ ನಿಂತು ಕೆಳಗೆ ನೋಡಿದರೆ ನೆಲವೇ ಹಿನ್ನೆಲೆ, ಆಗ ಗಲಿಬಿಲಿಯೆಲ್ಲ ಮಾಯ. ಮುಖ ತೆಗೆಯುವಾಗ ಮಾತ್ರ ಫೋನಿನ ಅಗಲ ಲೆನ್ಸ್ ಹಿಡಿದು ತೀರಾ ಹತ್ತಿರ ಹೋಗಬೇಡಿ, ಮೂಗು ಉಬ್ಬುತ್ತದೆ. ಎರಡು ಹೆಜ್ಜೆ ಹಿಂದೆ ಬಂದು ಆಮೇಲೆ ಜೂಮ್ ಮಾಡಿ.

ಇಷ್ಟೆಲ್ಲ ಓದಿದರೆ ಕಣ್ಣು ತೆರೆಯುವುದಿಲ್ಲ, ಮಾಡಬೇಕು. ನನಗೆ ಅತಿ ಹೆಚ್ಚು ಕಲಿಸಿದ ಅಭ್ಯಾಸವನ್ನು ಹೇಳುತ್ತೇನೆ. ಒಂದು ಗಾಜಿನ ಲೋಟ, ಮುಕ್ಕಾಲು ನೀರು, ಕಿಟಕಿ ಪಕ್ಕದ ಮೇಜು, 36 ಫೋಟೊ. ಒಂದು ಫಿಲ್ಮ್ ರೋಲಿನಲ್ಲಿ 36 ಚಿತ್ರ ಬರುತ್ತಿದ್ದವಲ್ಲ, ಅದೇ ಲೆಕ್ಕ. ಲೋಟ ಮುಟ್ಟುವಂತಿಲ್ಲ, ಅಳಿಸುವಂತಿಲ್ಲ.

ಬೆಳಗ್ಗೆ 7:40ಕ್ಕೆ ಶುರುಮಾಡಿದೆ. ಮೊದಲ ಹತ್ತು ಚಿತ್ರಗಳಲ್ಲಿ ಲೋಟ ನಡುವೆ, ಲೋಟ ಎಡಕ್ಕೆ, ಲೋಟ ಬಲಕ್ಕೆ. ಹತ್ತನೆಯ ಚಿತ್ರಕ್ಕೆ ಕೈ ನಿಂತಿತು, ತೆಗೆಯಲು ಏನೂ ಇಲ್ಲ ಅನ್ನಿಸಿತು. ಆ ಬೇಸರ ಬರಲೇಬೇಕು, ಅದಕ್ಕೆ ಹೆದರಿ ಎದ್ದುಹೋಗಬೇಡಿ. ಸುಮ್ಮನೆ ಕೂತಿದ್ದಾಗ ನೆರಳು ಕಂಡಿತು. ಲೋಟದ ನೆರಳು ಪೂರ್ತಿ ಕಪ್ಪಲ್ಲ. ನೀರು ಬೆಳಕನ್ನು ಒಟ್ಟುಗೂಡಿಸಿ ನೆರಳಿನ ನಟ್ಟನಡುವೆ ಒಂದು ಬಿಳಿ ಬರೆ ಎಳೆದಿತ್ತು. ಬಗ್ಗಿ ಕ್ಯಾಮೆರಾವನ್ನು ಮೇಜಿನ ಮಟ್ಟಕ್ಕೆ ತಂದಾಗ ಕಿಟಕಿಯ ಸರಳುಗಳು ನೀರೊಳಗೆ ಕಂಡವು. ನಾನು ಒಂದಿಂಚು ಬಲಕ್ಕೆ ಸರಿದರೆ ನೀರೊಳಗಿನ ಸರಳು ಒಂದು ಕಡೆಗೆ, ಲೋಟದಾಚೆಯ ಸರಳು ಇನ್ನೊಂದು ಕಡೆಗೆ ಸರಿಯುತ್ತಿದ್ದವು. ನೀರಿನ ಮಟ್ಟಕ್ಕೆ ಸರಿಯಾಗಿ ಹಿಡಿದರೆ ಮೇಲ್ಮೈ ತೆಳುವಾಗಿ ಒಂದು ಗೆರೆಯಾಗುತ್ತಿತ್ತು. ಅದಕ್ಕಿಂತ ಕೆಳಗಿಳಿದು ಮೇಲೆ ನೋಡಿದರೆ ಅದೇ ಮೇಲ್ಮೈ ಬೆಳ್ಳಿಯ ಕನ್ನಡಿ. ಇಪ್ಪತ್ತನೆಯ ಚಿತ್ರದ ಹೊತ್ತಿಗೆ ನಾನು ಲೋಟದ ಫೋಟೊ ತೆಗೆಯುತ್ತಿರಲಿಲ್ಲ. ಗೆರೆ, ಹೊಳಪು, ಬಾಗು ಇವುಗಳನ್ನು ಜೋಡಿಸುತ್ತಿದ್ದೆ.

ಹಂಗೇರಿ ಮೂಲದ ಛಾಯಾಗ್ರಾಹಕ ಆಂದ್ರೆ ಕರ್ಟೆಸ್ 1928ರಲ್ಲಿ ತೆಗೆದ ಪ್ರಸಿದ್ಧ ಚಿತ್ರವೊಂದರಲ್ಲಿ ಇರುವುದು ತಟ್ಟೆಯ ಅಂಚಿಗೆ ಒರಗಿದ ಒಂದು ಫೋರ್ಕ್, ಅದರ ನೆರಳು, ಅಷ್ಟೇ. ಜೆಕ್ ಛಾಯಾಗ್ರಾಹಕ ಯೋಸೆಫ್ ಸುಡೆಕ್ 1940ರಿಂದ 1954ರವರೆಗೆ ಪ್ರಾಗ್‌ನ ತನ್ನ ಸ್ಟುಡಿಯೊದ ಕಿಟಕಿಯನ್ನೇ ತೆಗೆಯುತ್ತ ಹೋದ. ಮಂಜು ಹಿಡಿದ ಗಾಜು, ಇಳಿಯುವ ಹನಿ, ಆಚೆಗೊಂದು ಸೊಟ್ಟ ಮರ. ಫೋಟೊಗೆ ದೂರದ ಊರಿಗೇ ಹೋಗಬೇಕು ಎಂದು ನಂಬಿದ್ದ ನನಗೆ ಈ ಇಬ್ಬರು ದೊಡ್ಡ ಸಮಾಧಾನ ಕೊಟ್ಟರು.

ಮೂರನೇ ಒಂದರ ನಿಯಮದ ಬಗ್ಗೆ ಎಲ್ಲರೂ ಕೇಳುತ್ತಾರೆ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯ ವಸ್ತುವನ್ನಿಡುವುದು. ಆ ಹೆಸರು ಕೊಟ್ಟವನು ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್, 1797ರಲ್ಲಿ, ಅದೂ ವರ್ಣಚಿತ್ರಗಳ ಬಗ್ಗೆ ಬರೆಯುತ್ತ. ಆಗ ಫೋಟೊಗ್ರಫಿ ಹುಟ್ಟಿರಲೇ ಇಲ್ಲ. ಫೋನಿನಲ್ಲಿ ಈ ಗೆರೆಗಳನ್ನು ತೋರಿಸುವ ಗ್ರಿಡ್ ಹಾಕಿಕೊಳ್ಳಿ, ದಿಗಂತ ನೆಟ್ಟಗಿದೆಯೇ ಎಂದು ನೋಡಲಾದರೂ ಬೇಕು. ಆದರೆ ನನ್ನ ಮಟ್ಟಿಗೆ ತೂಕ ನೋಡುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಮುಖ ತೂಗುತ್ತದೆ, ಬೆಳಕು ತೂಗುತ್ತದೆ, ಕೆಂಪು ತೂಗುತ್ತದೆ. ಎಲ್ಲಕ್ಕಿಂತ ಹೆಚ್ಚು ತೂಗುವುದು ಅಕ್ಷರ. ಹಿಂದಿನ ಗೋಡೆಯಲ್ಲಿ ನಾಲ್ಕು ಅಕ್ಷರವಿದ್ದರೂ ಸಾಕು, ನೋಡುವವರು ಅದನ್ನು ಓದಿಯೇ ಮುಂದೆ ಹೋಗುವುದು. ಬೇಡವಾದರೆ ತಪ್ಪಿಸಿ, ಬೇಕಾದರೆ ಪೂರ್ತಿ ಬರಲಿ. ಅರ್ಧ ಪದ ಬಿಡಬೇಡಿ, ಓದುವವರ ಮನಸ್ಸು ಉಳಿದರ್ಧ ಹುಡುಕಿಕೊಂಡು ಚಿತ್ರದಿಂದ ಆಚೆ ಹೋಗಿಬಿಡುತ್ತದೆ.

ತೂಕ ಗೊತ್ತಾಗದಿದ್ದರೆ ಕಣ್ಣು ಕಿರಿದು ಮಾಡಿ ನೋಡಿ. ಸಣ್ಣ ವಿವರಗಳು ಕರಗಿ ಕಪ್ಪು ಬಿಳುಪಿನ ನಾಲ್ಕೈದು ತೇಪೆಗಳಷ್ಟೇ ಉಳಿಯುತ್ತವೆ. ಫೋನಿನಲ್ಲಿ ಕಪ್ಪು ಬಿಳುಪು ಹಾಕಿಕೊಂಡು ಒಂದು ವಾರ ತೆಗೆದರೂ ಇದೇ ರೂಢಿಯಾಗುತ್ತದೆ.

ಕೊನೆಯದು ಆರಿಸುವುದು. ಮೊದಲ ಕರಡು ನೋಡಿದ ದಿನವೇ ಎರಡನೆಯದನ್ನು ನಾನು ನೋಡುವುದಿಲ್ಲ. ತಲೆಯಲ್ಲಿ ವಾಕ್ಯ ಇನ್ನೂ ಬಿಸಿ ಇರುತ್ತದೆ. ಫೋಟೊವನ್ನೂ ಒಂದು ವಾರ ಬಿಡಿ. ತೆಗೆಯುವಾಗಿನ ಸಂತೋಷ ಆರಿದ ಮೇಲೆ 36ನ್ನೂ ಪುಟ್ಟ ಪುಟ್ಟದಾಗಿ ಒಂದೇ ಪರದೆಯ ಮೇಲೆ ಹರವಿ, ಮೂರನ್ನು ಆರಿಸಿ. ಆರಿಸಿದ ಒಂದೊಂದಕ್ಕೂ ಯಾಕೆ ಎಂದು ಒಂದು ಸಾಲು ಬರೆದಿಡಿ. 'ಚೆನ್ನಾಗಿದೆ' ಎಂದು ಬರೆಯುವಂತಿಲ್ಲ. 'ನೆರಳು ಲೋಟಕ್ಕಿಂತ ಉದ್ದ' ಎಂದೋ, 'ಎಡ ಮೂಲೆ ಖಾಲಿ, ಕಣ್ಣು ಅಲ್ಲಿ ತಂಗುತ್ತದೆ' ಎಂದೋ ಬರೆಯಿರಿ.

ನಾನು ಅಂದು ಬೇಡವೆಂದು ಗುರುತು ಹಾಕಿದ್ದ 23ನೆಯದು ಒಂದು ವಾರದ ಮೇಲೆ ಮೊದಲ ಸ್ಥಾನಕ್ಕೆ ಬಂತು. ಅದರಲ್ಲಿ ಲೋಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಬಲಗಡೆ ಮೇಲಿನ ಮೂಲೆಯಲ್ಲಿ ತಳದ ಒಂದು ಬಾಗು ಮಾತ್ರ. ಅಲ್ಲಿಂದ ಆ ಬಿಳಿ ಬರೆ ಹೊರಟು, ಮರದ ಮೇಜಿನ ಗೆರೆಗಳ ಮೇಲೆ ನಡುಗುತ್ತ ಎಡಗಡೆ ಕೆಳಮೂಲೆಗೆ ಇಳಿಯುತ್ತದೆ. ಮಗಳಿಗೆ ತೋರಿಸಿದೆ. ತುಂಬ ಹೊತ್ತು ನೋಡಿ, "ಅಮ್ಮಾ, ಇದು ನದಿನಾ?" ಎಂದು ಕೇಳಿದಳು.