ಜಮೆಯ ಬದಿಯಲ್ಲಿ ಒಂದು ಸಾಲು: ಮುಪ್ಪಿನಲ್ಲಿ ಸ್ತೋತ್ರ ಹೇಳುವುದು ಹೇಗೆ

ನನಗೀಗ 74. ಮಂಗಳೂರಿನಲ್ಲಿ ಒಬ್ಬಳೇ ಇದ್ದೇನೆ. 31 ವರ್ಷ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು. ನಮ್ಮವರು ತೀರಿಕೊಂಡು ಆರು ವರ್ಷ ಆಯ್ತು. ಮಗ, ಸೊಸೆ, ಮೊಮ್ಮಗಳು ಮಸ್ಕತ್ತಿನಲ್ಲಿದ್ದಾರೆ. ನಮ್ಮ ಸಭೆಯ, ಅಂದರೆ ಚರ್ಚಿನ, ಸ್ತ್ರೀಯರ ಕೂಟದಲ್ಲಿ ನನ್ನ ಪ್ರಾಯದವರು ಕೇಳುತ್ತಾರೆ, "ಟೀಚರ್, ದೇವರಿಗೆ ಸ್ತೋತ್ರ ಹೇಳಬೇಕು ಅಂತ ಗೊತ್ತು. ಆದ್ರೆ ಬೆಳಿಗ್ಗೆ ಎದ್ದರೆ ಬಾಯಿಗೆ ಬರೋದು ಬರೀ ನೋವಿನ ಮಾತು. ಏನು ಮಾಡೋದು?" ಸ್ತೋತ್ರ ಅಂದರೆ ನಮ್ಮಲ್ಲಿ ದೇವರಿಗೆ ಕೃತಜ್ಞತೆ ಹೇಳುವುದು. ನಾನು ಮಾಡುವುದನ್ನು ಅವರಿಗೆ ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಬೆಳಗಿನ ಎರಡು ನಿಮಿಷ. ಎಚ್ಚರ ಆದ ಕೂಡಲೇ ಮಂಚದಿಂದ ಇಳಿಯಬೇಡಿ. ನಮ್ಮ ಪ್ರಾಯದಲ್ಲಿ ಥಟ್ಟನೆ ಎದ್ದು ನಿಂತರೆ ಬಿಪಿ ಇಳಿದು ತಲೆ ತಿರುಗುತ್ತದೆ, ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು ಆಮೇಲೆ ಏಳಿ ಅಂತ ಡಾಕ್ಟರೂ ಹೇಳುತ್ತಾರೆ. ಹೇಗೂ ಕೂತಿರುತ್ತೇವಲ್ಲ, ಆ ಹೊತ್ತನ್ನು ದೇವರಿಗೆ ಕೊಡಿ. ನಾನು ಸತ್ಯವೇದದ, ಅಂದರೆ ಬೈಬಲಿನ, 103ನೇ ಕೀರ್ತನೆಯ ಮೊದಲ ಎರಡು ವಚನ ಹೇಳುತ್ತೇನೆ. ಅದರಲ್ಲಿ ದಾವೀದ ಮಾತಾಡುವುದು ತನ್ನ ಮನಸ್ಸಿನ ಹತ್ತಿರ. ದೇವರ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಮನಸ್ಸು ಮರೆಯುತ್ತದೆ ಅಂತ ಅವನಿಗೂ ಗೊತ್ತಿತ್ತು, ಅಲ್ವಾ?

ಆಮೇಲೆ ಮೈಯಲ್ಲಿ ಒಂದು ಅಂಗ ಆರಿಸಿಕೊಳ್ಳಿ. ಒಂದೇ ಸಾಕು. ನಾನು ಹೆಚ್ಚಾಗಿ ಬಲಗೈ ನೋಡುತ್ತೇನೆ. 31 ವರ್ಷ ಸೀಮೆಸುಣ್ಣ ಹಿಡಿದ ಕೈ. ಹೆಬ್ಬೆರಳಿನ ಬುಡ ಊದಿಕೊಂಡಿದೆ, ಬಾಟಲಿಯ ಮುಚ್ಚಳ ತಿರುಗಿಸಲು ಆಗುವುದಿಲ್ಲ. ಆದರೆ ಚಾ ಲೋಟ ಹಿಡಿಯುತ್ತದೆ, ಸತ್ಯವೇದದ ಹಾಳೆ ತಿರುವುತ್ತದೆ. ಇದನ್ನು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲಿ ಅಂದುಕೊಂಡದ್ದು ನೋವಿನ ಹಿಂದೆ ಅಡಗಿಬಿಡುತ್ತದೆ. ಹೇಳಿದ ಮಾತನ್ನು ಕಿವಿಯೂ ಕೇಳುತ್ತದೆ.

ಇನ್ನು ಪುಸ್ತಕದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮವರು ಪ್ರತಿದಿನ ಮನೆಯ ಲೆಕ್ಕ ಬರೆಯುತ್ತಿದ್ದರು. ಉದ್ದದ ನೋಟ್‌ಬುಕ್. ಎಡಕ್ಕೆ ಜಮೆ, ಬಲಕ್ಕೆ ಖರ್ಚು, ನಡುವೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ಖರ್ಚಿನ ಬದಿ ಯಾವಾಗಲೂ ತುಂಬಿರುತ್ತಿತ್ತು. ಬಂಗುಡೆ 80, ಬಸ್ಸು 12, ಮದ್ದು 340. ಜಮೆಯ ಬದಿಯಲ್ಲಿ ತಿಂಗಳಿಗೆ ಒಂದೇ ಸಲ ಪೆನ್ಶನ್ ಬರೆಯುತ್ತಿದ್ದರು, ಉಳಿದದ್ದೆಲ್ಲ ಖಾಲಿ. ಅವರು ಹೋದ ಮೇಲೆ ಮೂರು ತಿಂಗಳು ನಾನು ಆ ಪುಸ್ತಕ ಮುಟ್ಟಲಿಲ್ಲ. ಒಂದು ದಿನ ತೆರೆದು ನೋಡಿದೆ. ಕೊನೆಯ ಪುಟದಲ್ಲಿ ತಾರೀಕು ಹಾಕಿಟ್ಟಿದ್ದರು, ಮುಂದೆ ಏನೂ ಬರೆದಿರಲಿಲ್ಲ. ಆ ಖಾಲಿ ಜಮೆಯ ಬದಿ ಕಣ್ಣಿಗೆ ಕಟ್ಟಿತು. ಆವತ್ತು ಪಕ್ಕದ ಮನೆಯ ಹುಡುಗ, ನಾನು ಕೇಳದೇನೇ, ನಮ್ಮ ಗೇಟಿನ ಚಿಲಕಕ್ಕೆ ಎಣ್ಣೆ ಹಾಕಿ ಹೋಗಿದ್ದ. ಅದನ್ನೇ ಜಮೆಯ ಬದಿಯಲ್ಲಿ ಬರೆದೆ: "ಗೇಟಿನ ಚಿಲಕ ಈಗ ಸುಲಭವಾಗಿ ಸರಿಯುತ್ತದೆ. ಸ್ತೋತ್ರ." ಆವತ್ತಿನಿಂದ ಬಿಟ್ಟಿಲ್ಲ. ಈಗ ನಾಲ್ಕನೇ ಪುಸ್ತಕ ನಡೆಯುತ್ತಿದೆ.

ನೀವು ಶುರು ಮಾಡುವುದಾದರೆ ದಿನಕ್ಕೆ ಒಂದೇ ಸಾಲು ಬರೆಯಿರಿ. ಐದು, ಹತ್ತು ಅಂತ ಹೊರಟರೆ ವಾರದಲ್ಲಿ ಬೇಸರ ಬರುತ್ತದೆ. "ಆರೋಗ್ಯಕ್ಕಾಗಿ ಸ್ತೋತ್ರ, ಕುಟುಂಬಕ್ಕಾಗಿ ಸ್ತೋತ್ರ" ಅಂತ ಬರೆಯಬೇಡಿ. ಅದು ಯಾರ ಪುಸ್ತಕದಲ್ಲಿ ಬೇಕಾದರೂ ಇರಬಹುದಾದ ಸಾಲು. ಯಾರು, ಏನು ಮಾಡಿದರು, ಎಷ್ಟು ಹೊತ್ತಿಗೆ ಅಂತ ಬರೆಯಿರಿ. ನನ್ನ ಪುಸ್ತಕದಿಂದ ಕೆಲವು: "ಬಸ್ ಕಂಡಕ್ಟರ್ ನಾನು ಕೂರುವವರೆಗೆ ವಿಸಿಲ್ ಊದಲಿಲ್ಲ." "ಬಸಳೆಯ ಬಳ್ಳಿ ಚಪ್ಪರದ ತುದಿ ಮುಟ್ಟಿತು." "ಮೊಮ್ಮಗಳು ಫೋನಿನಲ್ಲಿ 'ಅಜ್ಜಿ' ಅಂತ ಕನ್ನಡದಲ್ಲೇ ಬರೆದು ಕಳಿಸಿದಳು, ಒತ್ತಕ್ಷರ ಸರಿ ಇತ್ತು." ಹೀಗೆ ಬರೆಯಬೇಕಾದರೆ ಹಗಲೆಲ್ಲ ಕಣ್ಣು ತೆರೆದಿರಬೇಕಾಗುತ್ತದೆ. ಈ ಅಭ್ಯಾಸದ ದೊಡ್ಡ ಲಾಭ ಅದೇ ಅಂತ ನನಗೆ ಅನಿಸುತ್ತದೆ.

ರಾತ್ರಿ ಬರೆಯಬೇಡಿ. ರಾತ್ರಿ ಕಣ್ಣು ದಣಿದಿರುತ್ತದೆ, ಒಂಟಿತನವೂ ಜಾಸ್ತಿ. ನಾನು ಸಂಜೆ ನಾಲ್ಕರ ಚಾ ಆದ ಮೇಲೆ, ಕಿಟಕಿಯ ಬೆಳಕಿನಲ್ಲಿ, ದಪ್ಪ ಮೊನೆಯ ಪೆನ್ನಿನಲ್ಲಿ ಬರೆಯುತ್ತೇನೆ. ಕಣ್ಣು ಕಾಣದವರಿಗೆ ಪುಸ್ತಕವೇ ಬೇಕಂತಿಲ್ಲ. ನಮ್ಮ ಕೂಟದ ಒಬ್ಬರು ದಿನಕ್ಕೊಂದು ಹುಣಸೆಬೀಜ ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಾರೆ. ಹಾಕುವಾಗ ಆವತ್ತಿನ ಉಪಕಾರವನ್ನು ಗಟ್ಟಿಯಾಗಿ ಹೇಳುತ್ತಾರೆ. ಬೀಜ ಬೀಳುವ ಸದ್ದೇ ಅವರಿಗೆ ಆಮೆನ್.

ಕೆಲವು ದಿನ ನಮಗೇ ಅಂತ ಏನೂ ಬರುವುದಿಲ್ಲ. ಆಗ ಬೇರೆಯವರ ಮನೆಯ ಸಂತೋಷ ಬರೆಯಿರಿ. ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಅನ್ನಳು ಬರುತ್ತಾಳೆ. ಗಂಡನ ಜೊತೆ ಬಾಳಿದ್ದು ಏಳೇ ವರ್ಷ, 84ರ ವಿಧವೆ. ಯಾರದೋ ಮಗು, ಅದು ಯೇಸು, ದೇವಾಲಯಕ್ಕೆ ಬಂದದ್ದನ್ನು ನೋಡಿ ದೇವರನ್ನು ಕೊಂಡಾಡುತ್ತಾಳೆ, ಆ ಮಗುವಿನ ವಿಷಯ ಎಲ್ಲರಿಗೂ ಹೇಳುತ್ತಾಳೆ. ಆ ಮಗು ಬೆಳೆದು ದೊಡ್ಡದಾಗುವುದನ್ನು ತಾನು ನೋಡುವುದಿಲ್ಲ ಅಂತ ಆಕೆಗೆ ಗೊತ್ತಿದ್ದಿರಬೇಕು. ಬೇರೆಯವರ ಮನೆಯ ಸಂತೋಷ ಬರೆಯುವಾಗ ನನಗೆ ಆಕೆಯೇ ನೆನಪಾಗುವುದು.

ಖರ್ಚಿನ ಬದಿಯನ್ನೂ ಖಾಲಿ ಬಿಡಬೇಡಿ. ಇದು ನನಗೆ ತಡವಾಗಿ ತಿಳಿಯಿತು. 2021ರ ಮಳೆಗಾಲದಲ್ಲಿ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ನೋಡಲು ಬಂದ ಪರಿಚಯದವರೊಬ್ಬರು, "ಬಿದ್ದದ್ದಕ್ಕೂ ಸ್ತೋತ್ರ ಹೇಳಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಅಳು ಬಂತು, ಸಿಟ್ಟೂ ಬಂತು. ಅವರು ಹೋದ ಮೇಲೆ ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ ಐದನೇ ಅಧ್ಯಾಯ ತೆಗೆದು ಓದಿದೆ. ಪೌಲ ಅಲ್ಲಿ ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿ ಅನ್ನುತ್ತಾನೆ. ಕನ್ನಡ ಟೀಚರಿಗೆ ಕೂಡಲೇ ಕಾಣುವುದು ವಿಭಕ್ತಿ. 'ಎಲ್ಲಾದರಲ್ಲಿ', ಅದು ಸಪ್ತಮಿ. 'ಎಲ್ಲಾದಕ್ಕೆ' ಅಂತಿದ್ದರೆ ಚತುರ್ಥಿ. ಬಿದ್ದದ್ದಕ್ಕೆ ಅಲ್ಲ, ಬಿದ್ದಲ್ಲಿ. ಆ ಮಂಚದಲ್ಲಿ, ಆ ನೋವಿನಲ್ಲಿ. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲಾದಕ್ಕೋಸ್ಕರವೂ ಅನ್ನುವ ಮಾತಿದೆ, ನನಗೆ ಗೊತ್ತು. ಆ ಮೆಟ್ಟಿಲನ್ನು ನಾನಿನ್ನೂ ಹತ್ತಿಲ್ಲ. ಹತ್ತಿಸು ಅಂತ ಬೇಡಿಕೊಳ್ಳುತ್ತೇನೆ.

ಆವತ್ತಿನಿಂದ ಖರ್ಚಿನ ಬದಿಯಲ್ಲಿ ದುಃಖ ಬರೆಯುತ್ತೇನೆ. "ನಿನ್ನೆ ರಾತ್ರಿ ಅವರ ಕೆಮ್ಮು ಕೇಳಿದ ಹಾಗಾಯಿತು." "ಮಗ ಈ ಭಾನುವಾರವೂ ಫೋನ್ ಮಾಡಲಿಲ್ಲ." ಇದನ್ನು ದೇವರಿಗೆ ಹೇಳಬಹುದಾ ಅಂತ ಹೆದರಬೇಡಿ. 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ವಚನವೂ ಇಲ್ಲ. ಅದಕ್ಕೂ ಸತ್ಯವೇದದಲ್ಲಿ ಜಾಗ ಇದೆ. ಖರ್ಚು ಬರೆಯದೆ ಜಮೆ ಮಾತ್ರ ಬರೆದರೆ ಅದು ಸುಳ್ಳು ಲೆಕ್ಕ ಆಗುತ್ತದೆ. ದೇವರ ಮುಂದೆ ಸುಳ್ಳು ಲೆಕ್ಕ ಇಡಬಾರದು.

ಸೊಂಟ ಮುರಿದು ಮಲಗಿದ್ದ ಮೂರು ತಿಂಗಳಲ್ಲಿ ಇನ್ನೊಂದನ್ನೂ ಕಲಿತೆ. ನನ್ನ ತಂಗಿಯ ಮಗಳು ಬಂದು ಇದ್ದಳು. ನನಗೆ ಸ್ನಾನ ಮಾಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು. ನಾನು ದಿನಕ್ಕೆ ಇಪ್ಪತ್ತು ಸಲ "ನಿನಗೆ ತೊಂದ್ರೆ ಆಯ್ತು ಮಗಾ, ನಿನಗೆ ಕಷ್ಟ ಕೊಟ್ಟೆ" ಅನ್ನುತ್ತಿದ್ದೆ. ನಾವು ಹಿರಿಯರೆಲ್ಲ ಹೀಗೇ ಅನ್ನುತ್ತೇವೆ. ಒಂದು ದಿನ ಅವಳು ಬಾಚಣಿಗೆ ಕೆಳಗಿಟ್ಟು, "ದೊಡ್ಡಮ್ಮ, ನೀವು ಹಾಗೆ ಅಂದಾಗೆಲ್ಲ ನಾನು ತಪ್ಪು ಮಾಡಿದ ಹಾಗೆ ಅನಿಸ್ತದೆ" ಅಂದಳು. ಅವಳು ಪ್ರೀತಿಯಿಂದ ಕೊಟ್ಟದ್ದನ್ನು ನಾನು ಸಾಲದ ಹಾಗೆ ತೆಗೆದುಕೊಳ್ಳುತ್ತಿದ್ದೆ. ಆ ಮಾತು ಬಿಟ್ಟೆ. ಅದರ ಬದಲು ಏನು ಹೇಳುವುದು? ಮನೆಯವರ ಹತ್ತಿರ 'ಧನ್ಯವಾದ' ಅಂದರೆ ಸಭೆಯಲ್ಲಿ ಭಾಷಣ ಮಾಡಿದ ಹಾಗೆ ಕೇಳುತ್ತದೆ. "ಬಿಸಿನೀರು ಹದವಾಗಿತ್ತು ಮಗಾ. ಮೈ ಹಗುರ ಆಯ್ತು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ." ಹೀಗೆ ಹೇಳಲು ಕಲಿತೆ. ನೀವೂ ನಾಳೆ ಒಂದು ಸಲ ಹೇಳಿ ನೋಡಿ, ಎದುರಿಗಿದ್ದವರ ಮುಖ ನೋಡಿ.

ದೇವರಿಗೆ ಹೇಳಿದ ಸ್ತೋತ್ರ ಮನುಷ್ಯರಿಗೂ ಮುಟ್ಟಬೇಕು. ಯೇಸುವಿನಿಂದ ಹತ್ತು ಮಂದಿ ಕುಷ್ಠರೋಗಿಗಳಿಗೆ ಗುಣವಾಯಿತು, ಸ್ತೋತ್ರ ಹೇಳಲು ಹಿಂದೆ ಬಂದವನು ಒಬ್ಬನೇ, ಅವನೂ ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನು. ಲೂಕ 17ರಲ್ಲಿ ಓದಿದ್ದೇವೆ. ಉಳಿದ ಒಂಬತ್ತು ಮಂದಿಗೆ ಉಪಕಾರ ನೆನಪಿರಲಿಲ್ಲ ಅಂತ ನನಗೆ ಅನಿಸುವುದಿಲ್ಲ. ನೆನಪಿತ್ತು, ನಾಳೆ ಹೇಳಿದರಾಯಿತು ಅಂದುಕೊಂಡಿರಬೇಕು. ನಾನೂ ಹಾಗೇ ಮಾಡಿದೆ. ನನ್ನ ಮೊದಲ ಹೆರಿಗೆಯ ರಜೆಯಲ್ಲಿ ನನ್ನ ತರಗತಿಯನ್ನೂ ತನ್ನದರ ಜೊತೆ ಸೇರಿಸಿಕೊಂಡು ಪಾಠ ಮಾಡಿದ ಟೀಚರೊಬ್ಬರಿದ್ದರು. ಅವರಿಗೆ ಹೇಳಬೇಕು ಅಂತ ನಲವತ್ತು ವರ್ಷ ಅಂದುಕೊಂಡೆ. ಹೇಳುವಷ್ಟರಲ್ಲಿ ಅವರು ಇರಲಿಲ್ಲ. ಕೊನೆಗೆ ಅವರ ಮಗಳ ಮನೆಗೆ ಹೋಗಿ ಹೇಳಿದೆ. ಆಕೆಗೆ ಆ ವಿಷಯವೇ ಗೊತ್ತಿರಲಿಲ್ಲ. ಅಮ್ಮನ ಒಂದು ಹೊಸ ಕಥೆ ಸಿಕ್ಕಿತು ಅಂತ ನನ್ನ ಕೈ ಹಿಡಿದು ಕೂತಳು.

ಆದ್ದರಿಂದ ಪುಸ್ತಕದ ಕೊನೆಯ ಹಾಳೆಯಲ್ಲಿ ಹತ್ತು ಹೆಸರು ಬರೆಯಿರಿ. ತಿಂಗಳಿಗೆ ಒಬ್ಬರಿಗೆ ಫೋನ್ ಮಾಡಿ. "ಸುಮ್ನೆ ಮಾಡಿದೆ" ಅಂತ ಶುರು ಮಾಡಿದರೆ ಮಾತು ಮಳೆ, ಮೀನಿನ ರೇಟು ಅಂತ ಹೋಗಿಬಿಡುತ್ತದೆ. "ಒಂದು ಮಾತು ಹೇಳಲಿಕ್ಕೆ ಮಾಡಿದೆ, ಇಂಥ ದಿನ ನೀವು ನನಗೆ ಹೀಗೆ ಮಾಡಿದ್ರಿ" ಅಂತ ನೇರ ಹೇಳಿ. ಆಮೇಲೆ ಮೀನಿನ ವಿಷಯ ಮಾತಾಡಿ.

ನಮ್ಮ ಅತ್ತೆಯಿಂದ ಬಂದ ಹಿಡಿ ಅಕ್ಕಿಯ ಪದ್ಧತಿಯನ್ನೂ ನಾನು ಬಿಟ್ಟಿಲ್ಲ. ಗಂಜಿಗೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುವುದು. ಡಬ್ಬ ತುಂಬಿದಾಗ ಸಭೆಗೆ ಕಾಣಿಕೆ. ಆಗ ಮನೆಯಲ್ಲಿ ಒಂಬತ್ತು ಜನ, ಸೇರುಗಟ್ಟಲೆ ಕುಚ್ಚಲಕ್ಕಿ ಬೇಯುತ್ತಿತ್ತು. ಈಗ ನನಗೆ ಅರ್ಧ ಲೋಟ ಸಾಕು. ಆದರೂ ಹಿಡಿ ತೆಗೆಯುತ್ತೇನೆ. ನನ್ನ ಹಿಡಿಯೂ ಈಗ ಚಿಕ್ಕದಾಗಿದೆ, ಬೆರಳು ಪೂರ್ತಿ ಮಡಚುವುದಿಲ್ಲ, ಎರಡು ಕಾಳು ಸಂದಿಯಿಂದ ಉದುರುತ್ತವೆ. ಡಬ್ಬ ತುಂಬಲು ಎರಡು ತಿಂಗಳು ಬೇಕು. ತುಂಬಿದ ಮೇಲೆ ಬೆಳೆ ಹಬ್ಬದ ದಿನ ತೆಂಗಿನಕಾಯಿ, ಬಾಳೆಗೊನೆಗಳ ನಡುವೆ ಇಟ್ಟು ಬರುತ್ತೇನೆ. ಬೇರೆ ತಿಂಗಳಲ್ಲಾದರೆ ಬೀದಿಯ ಕೊನೆಯ ಮನೆಗೆ ಹೋಗುತ್ತದೆ. ಪೆನ್ಶನ್‌ನಲ್ಲಿ ಕಾಣಿಕೆ ಕೊಡಲು ಆಗುವುದಿಲ್ಲ ಅಂತ ಕೊರಗುವವರು ಇದನ್ನು ಮಾಡಬಹುದು. ಸಕ್ಕರೆ ಕಾಯಿಲೆಯಿಂದ ಅನ್ನ ಬಿಟ್ಟವರು ರಾಗಿಯಲ್ಲಿ ಮಾಡಿ.

ಸಭೆಗೆ ಹೋಗಲಾಗದವರಿಗೆ ಒಂದು ಮಾತು. ಕರ್ತನ ಭೋಜನವನ್ನು, ಅಂದರೆ ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸವನ್ನು, ಮನೆಗೆ ತಂದು ಕೊಡುವಂತೆ ಸಭಾಪಾಲಕರನ್ನು ಕೇಳಲು ಸಂಕೋಚ ಪಡಬೇಡಿ. ಆ ಭೋಜನಕ್ಕಿರುವ ಹಳೆಯ ಗ್ರೀಕ್ ಹೆಸರು ಯೂಕರಿಸ್ತಿಯಾ. ಅದರ ಅರ್ಥವೇ ಕೃತಜ್ಞತಾಸ್ತುತಿ.

ಕೊನೆಯದು, ನೆನಪು ಹೋಗುತ್ತಿರುವವರ ಜೊತೆ ಮಾಡುವುದು. ನನ್ನ ಅಕ್ಕನಿಗೆ 81. ನನ್ನ ಹೆಸರು ಮರೆತು ಎರಡು ವರ್ಷ ಆಯ್ತು. ಪ್ರತಿ ಬುಧವಾರ ಹೋಗುತ್ತೇನೆ. ಮೊದಮೊದಲು "ನಾನು ಯಾರು ಹೇಳು" ಅಂತ ಕೇಳಿ ಇಬ್ಬರೂ ಅಳುತ್ತಿದ್ದೆವು. ಈಗ ಕೇಳುವುದಿಲ್ಲ. 136ನೇ ಕೀರ್ತನೆ ಓದುತ್ತೇನೆ. ಅದರಲ್ಲಿ 26 ವಚನ, 26ಕ್ಕೂ ಕೊನೆಗೆ ಒಂದೇ ಮಾತು: ಆತನ ಕೃಪೆ ಶಾಶ್ವತ. ಮೊದಲರ್ಧ ನಾನು ಹೇಳುತ್ತೇನೆ, ಉಳಿದದ್ದನ್ನು ಅಕ್ಕ ಹೇಳುತ್ತಾಳೆ. ಚಿಕ್ಕವರಿದ್ದಾಗ ಸಂಡೇ ಸ್ಕೂಲಿನಲ್ಲಿ ಹಾಗೇ ಹೇಳಿಸುತ್ತಿದ್ದರು. ಅವಳ ನಾಲಿಗೆಗೆ ಅದು ನೆನಪಿದೆ.

ಆ ಕೀರ್ತನೆಯಲ್ಲಿ ಆಕಾಶ, ಸೂರ್ಯ, ಚಂದ್ರ ಆದ ಮೇಲೆ ಇಸ್ರಾಯೇಲ್ಯರ ಕಥೆ ಬರುತ್ತದೆ. ಅದು ಮುಗಿದ ಮೇಲೆ ನಮ್ಮ ಮನೆಯ ಕಥೆ ಸೇರಿಸುತ್ತೇನೆ. ನೀವೂ ನಿಮ್ಮದನ್ನು ಸೇರಿಸಿ, ಮೊದಲೇ ಬರೆದಿಟ್ಟುಕೊಂಡರೆ ಒಳ್ಳೆಯದು. ನಮ್ಮದು ಹೀಗಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರಲ್ಲಿ ಅನೇಕರಿಗೆ ಕುಲಕಸುಬೂ ಹೋಯಿತು, ಮನೆಯೂ ಹೋಯಿತು. ಅವರಿಗೆ ಅನ್ನದ ದಾರಿಯಾಗಲಿ ಅಂತ ಮಿಶನ್‌ನವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ನಮ್ಮ ಅಜ್ಜ ಹಂಚಿನ ಕೆಲಸದವರು.

ಕಳೆದ ಬುಧವಾರ ಜೋರು ಮಳೆ. ಅಕ್ಕನ ಮಂಚದ ಪಕ್ಕ ಕೂತು ಹೇಳುತ್ತಾ ಹೋದೆ.

"ಅಜ್ಜನಿಗೆ ಹಂಚಿನ ಕೆಲಸ ಕೊಟ್ಟನು."

"ಆತನ ಕೃಪೆ ಶಾಶ್ವತ."

"ಹೆಂಚಿನ ಮಾಡಿನ ಕೆಳಗೆ ನಮ್ಮನ್ನು ಮಲಗಿಸಿದನು."

"ಆತನ ಕೃಪೆ ಶಾಶ್ವತ."

"ಜ್ವರ ಬಂದಾಗ ಅಕ್ಕ ನನ್ನನ್ನು ಬೆನ್ನಿನ ಮೇಲೆ ಹೊತ್ತು ಆಸ್ಪತ್ರೆಗೆ ನಡೆದಳು."

ಅಕ್ಕ ಸುಮ್ಮನಾದಳು. ಮೇಲೆ ಮಾಡಿನ ಕಡೆ ನೋಡಿದಳು. ಆಮೇಲೆ, "ತುಂಬ ಭಾರ ಇದ್ದಿ ನೀನು" ಅಂದಳು.

ಮನೆಗೆ ಬಂದು ಜಮೆಯ ಬದಿಯಲ್ಲಿ ಅದನ್ನೇ ಬರೆದೆ.